ಲೆಕ್ಕಕ್ಕಿಲ್ಲದ ಓಟಿಗೆ ರೇಷ್ಮೆ ಸೀರೆ

ಹಾಲೆಂಡಿನಿಂದ ಬಂದಾಗಿನಿಂದ ನಮ್ಮ ಬೀದಿಯವರು ಕೇಳುವುದು ಎರಡೇ ಪ್ರಶ್ನೆ. ಹೂವಿನ ತೋಟ ನೋಡಿದೆಯಾ, ಗಾಳಿಗೆ ತಿರುಗುವ ಗಿರಣಿ ನೋಡಿದೆಯಾ. ಹೂವಿನ ಕಾಲದಲ್ಲಿ ನಾನು ಹೋಗಿರಲೇ ಇಲ್ಲ. ಗಿರಣಿಯನ್ನು ರೈಲಿನ ಕಿಟಕಿಯಿಂದ ನೋಡಿದೆ, ಅದು ನಿಂತಿತ್ತು. ನಾನು ಕಣ್ಣು ಬಿಟ್ಟುಕೊಂಡು ನೋಡಿದ್ದು ಬೇರೆಯದನ್ನು. ಅದನ್ನು ಹೇಳಲು ಹೊರಟರೆ ಯಾರಿಗೂ ಪುರಸೊತ್ತಿಲ್ಲ. ಅದಕ್ಕೇ ಬರೆಯಲು ಕೂತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಶಾಲೆಗೆ ಹೋಗಿದ್ದು ಮಕ್ಕಳಿಗೆ ಬಿಸಿಯೂಟ ಮಾಡಲು. ನನ್ನ ಅಕ್ಷರ ಹೇಗಿದ್ದರೂ ಸಂತೋಷ ಮಾತ್ರ ಸುಳ್ಳಲ್ಲ.

ನೂರ್ಡ್‌ವೈಕ್, ಮೊದಲ ವಾರ

ನನ್ನ ಮಗಳು ವಿದ್ಯಾ ಇರುವುದು ನೂರ್ಡ್‌ವೈಕ್ ಎಂಬ ಸಮುದ್ರದ ಊರಿನಲ್ಲಿ. ಆಕಾಶಕ್ಕೆ ಕಳಿಸುವ ಉಪಗ್ರಹಗಳನ್ನು ಹಾರಿಸುವ ಮುಂಚೆ ಅಲುಗಾಡಿಸಿ ನೋಡುವ ಕಡೆ ಅವಳ ಕೆಲಸ. ನಾವು ಸಂತೆಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವಲ್ಲ, ಹಾಗೆ. ನಾನು ಹೀಗೆಂದಾಗ ಅವಳು ನಕ್ಕು, "ಹೆಚ್ಚುಕಮ್ಮಿ ಅಷ್ಟೇ ಅವ್ವ" ಎಂದಳು. ದಾವಣಗೆರೆ ಪಕ್ಕದ ನಮ್ಮ ಹಳ್ಳಿಯ ಹುಡುಗಿ ಉಪಗ್ರಹದ ಕಾಯಿ ಅಲ್ಲಾಡಿಸುತ್ತಾಳೆ! ಇದನ್ನು ನೆನೆದಾಗಲೆಲ್ಲ ನನಗೆ ಒಂದು ಸಲ ಎದ್ದು ಓಡಾಡಿ ಬರಬೇಕು ಅನ್ನಿಸುತ್ತದೆ.

ಅಳಿಯ ಸುಹಾಸ್ ಮೈಸೂರಿನವರು, ಹಾರ್ಲೆಮ್ ಊರಿನ ಆಫೀಸಿಗೆ ಓಡಾಡುತ್ತಿದ್ದರು. ಒಬ್ಬಳೇ ಮೊಮ್ಮಗಳು ಇಂಚರ, ಹತ್ತು ವರ್ಷದವಳು. ಗಾಳಿಗೆ ಎದುರಾಗಿ ಸೈಕಲ್ ಹೊಡೆಯುತ್ತಾಳೆ, ಡಚ್ಚಿನಲ್ಲಿ ಜಗಳ ಆಡುತ್ತಾಳೆ, ನನ್ನ ಹತ್ತಿರ ಮಾತ್ರ ಕನ್ನಡ.

ಆ ದೇಶದವರು ಮನೆಯ ಮುಂದಿನ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗಿನ ಸೋಫಾ, ದೀಪ, ಬೆಕ್ಕು ಎಲ್ಲಾ ಕಾಣುತ್ತದೆ. ಹಾಗಂತ ಒಳಗೆ ಹೋಗಿ ಕೂರುವ ಹಾಗಿಲ್ಲ. ನನಗೆ ಅದು ಗೊತ್ತಿಲ್ಲದೆ ಎದುರು ಮನೆಗೆ ಒಂದು ತಟ್ಟೆ ಚಕ್ಕುಲಿ ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದೆ. ಆ ಯಮ್ಮ ಬಹಳ ಪ್ರೀತಿಯಿಂದ ಚಕ್ಕುಲಿ ಇಸಿದುಕೊಂಡರು. ಆಮೇಲೆ ಫೋನು ತೆಗೆದು ಏನೋ ನೋಡಿ, ಎರಡು ವಾರದ ನಂತರ ಒಂದು ಗುರುವಾರ ಹತ್ತು ಗಂಟೆಗೆ ಕಾಫಿಗೆ ಬನ್ನಿ ಎಂದು ಇಂಚರಳ ಕೈಲಿ ಹೇಳಿಸಿದರು.

"ಯಾಕೆ, ಈಗ ನೀರು ಬಂದಿಲ್ವಂತಾ?" ಎಂದು ಕೇಳಿದೆ.

"ಅಜ್ಜಿ! ಇಲ್ಲಿ ಅಪಾಯಿಂಟ್‌ಮೆಂಟ್ ಇಲ್ದೆ ಯಾರೂ ಹೋಗಲ್ಲ. ಓಮಾ ರೋಸಾ ಒಬ್ರೇ ಹಂಗೆಲ್ಲ ಬರೋದು."

ಓಮಾ ಎಂದರೆ ಅಜ್ಜಿ. ಮೂರು ಮನೆ ಆಚೆ ಇದ್ದ ರೋಸಾ ನನ್ನ ವಯಸ್ಸಿನವಳು. ಡಚ್ಚು ನಾವಿಕನೊಬ್ಬನನ್ನು ಮದುವೆಯಾಗಿ ಎಲ್ಲಿಂದಲೋ ಬಂದವಳು, ಈಗ ಗಂಡ ಇಲ್ಲ. ಮಾರನೇ ದಿನವೇ ಹಿತ್ತಲ ಬಾಗಿಲಿನಿಂದ ಬಂದು ಮಿಕ್ಕ ಚಕ್ಕುಲಿ ತಿಂದು ಹೋದಳು. ನನಗೆ ಇಂಗ್ಲಿಷು ಬಾರದು, ಅವಳಿಗೆ ಕನ್ನಡ ಬಾರದು. ಇಂಚರ ಇದ್ದರೆ ಅವಳು ನಮ್ಮ ಮಾತನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಿದ್ದಳು. ಇಲ್ಲದಿದ್ದರೆ ಕೈ, ಕಣ್ಣು, ಹುಬ್ಬು.

ಸಮುದ್ರದ ದಂಡೆ

ನಮ್ಮ ಕಡೆಯವರು ಎಲ್ಲಿ ಹೋದರೂ ಮಂಡಕ್ಕಿ ಬಿಡುವವರಲ್ಲ. ಊರಿಂದ ತಂದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು ಡಬ್ಬಿಗೆ ತುಂಬಿಕೊಂಡು ಮೊಮ್ಮಗಳ ಜೊತೆ ಸಮುದ್ರಕ್ಕೆ ಹೋದೆ. ಮರಳ ದಿನ್ನೆ ಹತ್ತಿ ಇಳಿದರೆ, ಅಬ್ಬಾ! ಕಣ್ಣು ಎಷ್ಟು ದೂರ ಹೋದರೂ ಬೂದು ನೀರು. ಅಷ್ಟು ನೀರು ಒಂದೇ ಕಡೆ ಇರುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು ಕೈ ಮುಗಿದು ಮುಚ್ಚಳ ತೆಗೆದಿದ್ದೇ ತಡ, ಗಾಳಿ ಡಬ್ಬಿಯೊಳಗೆ ಕೈ ಹಾಕಿದ ಹಾಗೆ ಮಂಡಕ್ಕಿಯನ್ನೆಲ್ಲ ಎತ್ತಿ ಎಸೆಯಿತು. ಬಿಳಿ ಹಕ್ಕಿಗಳು ಕಿರುಚುತ್ತಾ ಬಂದು ಮುತ್ತಿಕೊಂಡವು. ನಮಗೆ ಉಳಿದದ್ದು ತಳದ ಶೇಂಗಾ ಮತ್ತು ಕರಿಬೇವು. ಅದನ್ನೇ ತಿನ್ನುತ್ತಾ ಕೂತೆವು.

ನಗುತ್ತಿದ್ದ ಇಂಚರ ತಟ್ಟನೆ ನನ್ನ ಕಡೆ ತಿರುಗಿದಳು.

"ಅಜ್ಜಿ, ಅಪ್ಪಂಗೆ ಐಂಡ್‌ಹೋವನ್‌ನಲ್ಲಿ ಹೊಸ ಕೆಲಸ ಸಿಕ್ಕಿದೆ. ನಾವೆಲ್ಲ ಅಲ್ಲಿಗೆ ಹೋಗ್ಬೇಕಂತೆ. ಅಲ್ಲಿ ಸಮುದ್ರ ಇಲ್ಲ."

"ನೀನು ಏನಂದೆ?"

"ನನ್ನ ಯಾರೂ ಕೇಳ್ಲಿಲ್ಲ."

ನಾನು ಏನು ಹೇಳಲಿ? ನಾವು ಯಾವ ಮಕ್ಕಳನ್ನು ಕೇಳಿ ಊರು ಬಿಟ್ಟಿದ್ದೆವು? ದೊಡ್ಡವರು ಹೊರಟರೆ ಮಕ್ಕಳೂ ಗಾಡಿ ಹತ್ತುತ್ತವೆ. ಶೇಂಗಾ ಎಲ್ಲಾ ಅವಳ ಕೈಗೇ ಹಾಕಿದೆ.

ಐಂಡ್‌ಹೋವನ್

ಮನೆ ನೋಡಲು ಎಲ್ಲರೂ ರೈಲಿನಲ್ಲಿ ಹೋದೆವು. ಕಂಪ್ಯೂಟರಿನ ಚಿಪ್ಪು ಮಾಡುವ ಯಂತ್ರಗಳ ಊರು ಅದು. ಸ್ಟೇಷನ್ ಹತ್ತಿರ ನಿಲ್ಲಿಸಿದ್ದ ಸೈಕಲ್ಲುಗಳನ್ನು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಜಿಲ್ಲೆಯ ಹುಡುಗರಿಗೆಲ್ಲ ಒಂದೊಂದು ಕೊಟ್ಟರೂ ಉಳಿಯುತ್ತಿತ್ತು. ಬಾಡಿಗೆಗೆ ನೋಡಿದ ಮನೆಯೂ ಚೆಂದ, ಅಡುಗೆಮನೆಯಲ್ಲಿ ಒಂದು ಮದುವೆಗೆ ಬೇಯಿಸಬಹುದು. ಸುಹಾಸ್ ಕೋಣೆಯಿಂದ ಕೋಣೆಗೆ ಓಡಾಡುತ್ತಾ, "ಅತ್ತೆ, ಇದು ನಿಮ್ಮ ರೂಮು. ವರ್ಷಾ ವರ್ಷಾ ಬರ್ಬೇಕು ನೀವು" ಎಂದರು. ಮುಖದಲ್ಲಿ ದೀಪ ಹಚ್ಚಿದ ಹಾಗಿತ್ತು. ಎಷ್ಟು ವರ್ಷದಿಂದ ಕಾದ ಕೆಲಸವೋ ಪಾಪ.

"ಹೇಗಿದೆ ವಿದ್ಯಾ?"

"ಹ್ಞೂಂ, ಚೆನ್ನಾಗಿದೆ."

"ನಿನ್ನ ಕೆಲಸ ಹೇಗೂ ಅರ್ಧ ಮನೆಯಿಂದಾನೇ ಮಾಡಬಹುದಲ್ಲ?"

"ಹ್ಞೂಂ."

ಬರುವ ಶುಕ್ರವಾರದೊಳಗೆ ಹೊಸ ಆಫೀಸಿಗೂ ಮನೆಯವರಿಗೂ ಉತ್ತರ ಹೇಳಬೇಕು ಎಂದರು ಸುಹಾಸ್. ಇಂಚರ ಬರುವಾಗ ರೈಲಿನ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

ಮಂಗಳವಾರ, ರೋಸಾ ಮನೆ

ಅವತ್ತು ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯಂತೆ. ಟೀವಿಯ ತುಂಬಾ ಅದೇ. ಮಧ್ಯಾಹ್ನ ಇಂಚರ ಶಾಲೆಯಿಂದ ಬಂದ ಕೂಡಲೇ ರೋಸಾ ನಮ್ಮಿಬ್ಬರನ್ನೂ ಕರೆದಳು. ಹೋಗಿ ನೋಡಿದರೆ ಮೈತುಂಬಾ ಹೂವಿನ ಉಡುಪು, ಕಿವಿಯ ಪಕ್ಕ ಒಂದು ಹೂವು, ಮೇಜಿನ ಮೇಲೆ ಕೆಂಪನೆಯ ಅನ್ನ. ಯಾವುದೋ ಬೀಜ ನೆನೆಸಿದ ನೀರಿನಲ್ಲಿ ಮಾಡುತ್ತಾರಂತೆ. ಖಾರ ಇರುತ್ತದೆಂದು ಹೆದರಿ ತಿಂದೆ, ಖಾರವೇ ಇರಲಿಲ್ಲ.

"ಹಬ್ಬವಾ?" ಎಂದೆ.

"ಓಟಿನ ದಿನ" ಎಂದಳು. ಮಿಕ್ಕದ್ದನ್ನು ಇಂಚರ ಬಿಡಿಸಿ ಹೇಳಿದಳು.

ರೋಸಾಳ ಊರು ಗುವಾಮ್ ಎಂಬ ಪುಟ್ಟ ದ್ವೀಪ. ಪೂರ್ವದ ಸಮುದ್ರದ ನಡುವೆ ಎಲ್ಲೋ ಇದೆ, ಆದರೆ ಅಮೆರಿಕಕ್ಕೆ ಸೇರಿದ್ದು. ಅಲ್ಲಿನವರು ಅಮೆರಿಕದ ಪ್ರಜೆಗಳು, ಅವರ ಮಕ್ಕಳು ಅಮೆರಿಕದ ಸೈನ್ಯಕ್ಕೆ ಹೋಗುತ್ತಾರೆ. ರೋಸಾಳ ಅಣ್ಣನೂ ಹೋದವನೇ. ಆದರೆ ಆ ದ್ವೀಪದಲ್ಲಿ ಇರುವವರಿಗೆ ಅಧ್ಯಕ್ಷರನ್ನು ಆರಿಸುವ ಓಟು ಇಲ್ಲ. ಇಲ್ಲ ಅಂದರೆ ಇಲ್ಲವೇ ಇಲ್ಲ. ಆದರೂ ಊರಿನ ಪ್ರತಿನಿಧಿಗಳನ್ನು ಆರಿಸುವ ದಿನ ಅದೇ ಚೀಟಿಯಲ್ಲಿ ಅಧ್ಯಕ್ಷರಾಗಲು ನಿಂತವರ ಹೆಸರನ್ನೂ ಅಚ್ಚು ಹಾಕಿಸುತ್ತಾರೆ. ಜನ ಸಾಲಿನಲ್ಲಿ ನಿಂತು ಗುರುತು ಹಾಕುತ್ತಾರೆ. ಎಣಿಸುತ್ತಾರೆ, ಇಷ್ಟಿಷ್ಟು ಎಂದು ಸಾರುತ್ತಾರೆ. ಅಷ್ಟೇ. ಆ ಎಣಿಕೆ ಎಲ್ಲಿಗೂ ಹೋಗುವುದಿಲ್ಲ, ಯಾವ ಲೆಕ್ಕಕ್ಕೂ ಸೇರುವುದಿಲ್ಲ. ರೋಸಾ ಇಲ್ಲಿಂದಲೇ ತನ್ನ ಚೀಟಿಯನ್ನು ಅಂಚೆಯಲ್ಲಿ ಕಳಿಸಿದ್ದಳು.

ನಮ್ಮ ಶಾಲೆಯಲ್ಲೂ ಪ್ರತಿ ಸಲ ಮತಗಟ್ಟೆ ಮಾಡುತ್ತಾರೆ. ಬಂದ ಮೇಷ್ಟ್ರು ಪೊಲೀಸರಿಗೆಲ್ಲ ಉಪ್ಪಿಟ್ಟು ಮಾಡಿ ಹಾಕುವವಳು ನಾನು. ಓಟು ಲೆಕ್ಕಕ್ಕೆ ಬರುತ್ತದೆ ಎಂದು ಗೊತ್ತಿದ್ದೇ ಎಷ್ಟು ಜನ ಮನೆಯಲ್ಲಿ ಮಲಗಿರುತ್ತಾರೆ! ಇಲ್ಲಿ ನೋಡಿದರೆ ಒಂದು ಇಡೀ ದ್ವೀಪ, ಲೆಕ್ಕಕ್ಕಿಲ್ಲ ಎಂದು ಗೊತ್ತಿದ್ದೂ ತಲೆ ಬಾಚಿಕೊಂಡು ಹೊರಡುತ್ತದೆ.

"ಯಾಕೆ ಹಾಕ್ತೀರಿ ಮತ್ತೆ?" ಎಂದೆ.

ರೋಸಾ ಕೆಂಪು ಅನ್ನ ಇನ್ನೊಂದು ಸೌಟು ಬಡಿಸಿದಳು. "ಅವರು ಕೇಳಿಸಿಕೊಳ್ಳದಿದ್ರೆ ಅದು ಅವರ ಸಮಾಚಾರ. ನಾವು ಬಾಯಿ ಮುಚ್ಚಿಕೊಂಡ್ರೆ, ಇವರಿಗೆ ಎಲ್ಲಾ ಒಪ್ಪಿಗೆ ಇದೆ ಅಂದುಕೊಂಡುಬಿಡ್ತಾರೆ."

ಇಂಚರ ಇದನ್ನು ಕನ್ನಡಕ್ಕೆ ದಾಟಿಸುತ್ತಾ ಕೊನೆಯಲ್ಲಿ ನಿಧಾನ ಮಾಡಿದಳು.

ಅಷ್ಟರಲ್ಲಿ ಫೋನಿಗೆ ದ್ವೀಪದ ಎಣಿಕೆ ಬಂತು. ಅಲ್ಲಿ ಆಗಲೇ ದಿನ ಮುಗಿದಿತ್ತು. ಅಮೆರಿಕದ ದೊಡ್ಡ ನೆಲದಲ್ಲಿ ಇನ್ನೂ ಜನ ಬೆಳಗಿನ ಕಾಫಿ ಕುಡಿಯುತ್ತಿದ್ದರಂತೆ. ಓಟಿಲ್ಲದ ಊರಿನ ಓಟೇ ಎಲ್ಲರಿಗಿಂತ ಮುಂಚೆ! ರೋಸಾ ಕುರ್ಚಿಯಿಂದೆದ್ದು, ನನ್ನ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿದಳು. ಗೆದ್ದವರು ಯಾರೆಂದು ಕೇಳುವುದನ್ನೇ ಮರೆತೆ.

ಮನೆಗೆ ಬರುವಾಗ ಇಂಚರ ಹೇಳಿದಳು, "ಅಜ್ಜಿ, ನಾಳೆ ನಾವೂ ಇಡೋಣ."

"ಏನನ್ನ?"

"ಓಟು. ಐಂಡ್‌ಹೋವನ್‌ಗೆ ಹೋಗೋದಾ, ಇಲ್ಲೇ ಇರೋದಾ. ಅಪ್ಪ ಅಮ್ಮಾನೇ ಡಿಸೈಡ್ ಮಾಡ್ಲಿ, ನಮ್ಮದು ಲೆಕ್ಕಕ್ಕೆ ಬೇಡ. ಸುಮ್ನೆ ಹೇಳೋದು."

ಬುಧವಾರ, ಮೆಟ್ಟಿಲ ಕೆಳಗೆ

ಬುಧವಾರ ಸುಹಾಸ್‌ಗೆ ‘ಅಪ್ಪನ ದಿನ’. ಆ ದೇಶದಲ್ಲಿ ಅಪ್ಪಂದಿರು ವಾರಕ್ಕೊಂದು ದಿನ ಕೆಲಸ ಬಿಟ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಅದಕ್ಕೊಂದು ಹೆಸರೂ ಉಂಟು. ನಾನು ಇದನ್ನು ನಂಬಲು ಎರಡು ಬುಧವಾರ ಬೇಕಾಯಿತು. ಮಗಳ ಯೋಜನೆ ಕೇಳಿ ಅವರು ಜೋರಾಗಿ ನಕ್ಕರು. "ಮೂರು ತಿಂಗಳ ವೀಸಾದವರಿಗೂ ಓಟಾ? ಅತ್ತೆ, ನಿಮ್ಮದು ಒಳ್ಳೇ ಅದೃಷ್ಟ."

"ಲೆಕ್ಕಕ್ಕಿಲ್ವಲ್ಲ ಅಪ್ಪ, ಅದಕ್ಕೇ ಎಲ್ರೂ ಹಾಕಬಹುದು."

"ಹಂಗಾದ್ರೆ ಓಮಾ ರೋಸಾನೂ ಹಾಕಲಿ."

"ಇಲ್ಲ. ಅವ್ರು ಈ ಮನೆಯವ್ರಲ್ಲ. ಅವ್ರು ಸುಮ್ನೆ ನೋಡ್ತಾರೆ, ಮೋಸ ಆಗದ ಹಾಗೆ."

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಬಂದ ರೋಸಾ ಇದನ್ನು ಇಂಚರಳಿಂದ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲೂ ನನಗೆ ಓಟಿಲ್ಲವೇ ಎಂದು ಹಣೆ ಚಚ್ಚಿಕೊಂಡಳು.

ನಾನು ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟೆ. ವಿದ್ಯಾ ಕೆಲಸದಿಂದ ಬಂದು ಬೂಟು ಬಿಚ್ಚುತ್ತಾ, "ಅವ್ವ, ಯಾರ ಮದುವಿ?" ಎಂದಳು. ದ್ವೀಪದವರು ತಲೆ ಬಾಚಿಕೊಂಡು ಹೋಗುತ್ತಾರೆ, ನಾವೇನು ಕಡಿಮೆಯೇ?

ಗುಟ್ಟಾಗಿ ಗುರುತು ಹಾಕುವ ಜಾಗಕ್ಕೆ ದೊಡ್ಡ ಗಲಾಟೆಯಾಯಿತು. ಮನೆಯ ಕೆಳ ಅಂತಸ್ತಿನಲ್ಲಿ ಒಳಗಿಂದ ಚಿಲಕವಿರುವ ಬಾಗಿಲು ಒಂದೇ, ಅದು ಕಕ್ಕಸಿನದು.

"ಅಯ್ಯೋ ಶಿವನೇ, ರೇಷ್ಮೆ ಸೀರೆ ಉಟ್ಕಂಡು ಅಲ್ಲಿ ಹೋಗಿ ಓಟು ಹಾಕ್ಲಾ? ನಾನು ಒಲ್ಲೆ!"

"ಅಲ್ಲಿ ಎಲ್ಲಾರ ಬರ್ತ್‌ಡೇ ಬರೆದಿರೋ ಕ್ಯಾಲೆಂಡರೇ ಇದೆ ಅಜ್ಜಿ, ಚೆನ್ನಾಗೇ ಇದೆ ಜಾಗ."

"ಹುಟ್ಟಿದ ಹಬ್ಬ ಅಲ್ಲಿ ಯಾಕೆ ತೂಗಿ ಹಾಕ್ಯಾರೆ ಅಂತ ನಾನು ಬಂದ ದಿನದಿಂದ ಕೇಳಬೇಕಂತಿದೀನಿ!"

ಕಡೆಗೆ ಮೆಟ್ಟಿಲ ಕೆಳಗೆ ಕಸ ಎಳೆಯುವ ಯಂತ್ರ ಇಡುವ ಗೂಡು ಗೊತ್ತಾಯಿತು. ಅದರೊಳಗೊಂದು ಬಲ್ಬು, ಒಂದು ಕೆಂಪು ಪೆನ್ಸಿಲ್. ಆ ದೇಶದ ಓಟೇ ಹಾಗಂತೆ, ದೊಡ್ಡವರೂ ಕೆಂಪು ಪೆನ್ಸಿಲಿನಲ್ಲಿ ಒಂದು ದುಂಡು ತುಂಬುತ್ತಾರೆ. ಇಂಚರ ಶಾಲೆಯಲ್ಲಿ ಕಲಿತಿದ್ದ ನಿಯಮಗಳನ್ನೆಲ್ಲ ಅರ್ಧ ಡಚ್ಚು ಅರ್ಧ ಕನ್ನಡದಲ್ಲಿ ಗಡಗಡ ಹೇಳಿದಳು. ಚೀಟಿಯಲ್ಲಿ ಎರಡು ದುಂಡು. ಮನೆಯ ಚಿತ್ರದ ಪಕ್ಕದ್ದು ಇರೋಣ, ರೈಲಿನ ಚಿತ್ರದ ಪಕ್ಕದ್ದು ಹೋಗೋಣ. ಚಿತ್ರ ಬರೆದದ್ದು ನನಗಾಗಿಯೇ.

ಸೆರಗು ಬಿಗಿ ಮಾಡಿಕೊಂಡು, ಬಗ್ಗಿ ಗೂಡಿನೊಳಗೆ ಹೊಕ್ಕೆ. ಮನೆಯ ಪಕ್ಕದ ದುಂಡಿಗೆ ಕುಂಕುಮ ಇಡುವ ಹಾಗೆ ನಿಧಾನವಾಗಿ ಕೆಂಪು ತುಂಬಿದೆ. ಅಳಿಯಂದಿರ ಮುಖ ನೆನಪಾಗಿ ಸಂಕಟವೂ ಆಯಿತು. ಆದರೆ ಆ ಮಗುವಿಗೆ ಇನ್ನು ಯಾರಿದ್ದಾರೆ? ಆಮೇಲೆ ಯಾವ ಕಾಗದ ಮುಂದಿಟ್ಟರೂ ಮಾಡುವ ಹಾಗೆ, ಕೆಳಗೆ ಚೆಂದವಾಗಿ ‘ಗಂಗಮ್ಮ’ ಎಂದು ಸಹಿ ಹಾಕಿದೆ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತವಳು ನಾನು. ಸಹಿಯಿಲ್ಲದ ಕಾಗದ ನನಗೆ ಬರಿಗೈಯ ಹಾಗೆ ಕಾಣುತ್ತದೆ.

ಒಬ್ಬೊಬ್ಬರಾಗಿ ನಾಲ್ವರೂ ಹೋಗಿ ಬಂದೆವು. ಇಂಚರ ಡಬ್ಬಿಯಿಂದ ಚೀಟಿಗಳನ್ನು ಮೇಜಿನ ಮೇಲೆ ಸುರಿದಳು. ರೋಸಾ ಪಕ್ಕದಲ್ಲಿ ಕೈ ಕಟ್ಟಿ ನಿಂತಳು.

ಮೊದಲನೆಯದು ರೈಲು. ಸುಹಾಸ್ ಮುಗುಳ್ನಕ್ಕರು. ಎರಡನೆಯದು ಮನೆ. ಮೂರನೆಯದನ್ನು ಬಿಡಿಸಿದ ಇಂಚರ ಹಾಗೇ ನಿಂತಳು. ಅದು ನನ್ನದು. ಮನೆಗೇ ಬಿದ್ದಿತ್ತು, ಅವಳ ಕಡೆಗೇ. ಅವಳು ಚೀಟಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚೀಟಿಯನ್ನು ನೋಡಿದಳು.

"ಇದನ್ನ ಎಣಿಕೆಗೆ ಹಿಡಿಯಲ್ಲ" ಎಂದು ಪಕ್ಕಕ್ಕಿಟ್ಟಳು.

"ಯಾಕೇ? ಮನೀಗೇ ಹಾಕೀನಲ್ಲೇ!" ಎಂದೆ ನಾನು.

"ಹೆಸರು ಬರೆದಿದೀರಾ ಅಜ್ಜಿ. ಹೆಸರು ಬರೆದ್ರೆ ಗುಟ್ಟು ಹೋಯ್ತು. ಬೇರೆ ಏನೂ ಬರೀಬಾರ್ದು ಅಂತ ಹೇಳಿದ್ನಲ್ಲ."

ಸುಹಾಸ್‌ಗೇ ಕನಿಕರ ಬಂತು. "ಬಿಡೇ ಪುಟ್ಟಿ, ಪಾಪ ಅಜ್ಜಿದು. ಹಿಡ್ಕೋ. ನಾನೇ ಹೇಳ್ತಿದೀನಲ್ಲ."

"ಬೇಡ ಅಪ್ಪ. ಹಂಗೆ ಹಿಡಿದ್ರೆ ನಾನು ಮೋಸ ಮಾಡ್ದೆ ಅಂತ ಆಗತ್ತೆ."

ನಾನು ಬಾಯಿ ಬಿಟ್ಟುಕೊಂಡು ಆ ಮಗುವನ್ನು ನೋಡಿದೆ. ಉಳಿದ ಚೀಟಿ ಒಂದೇ. ಒಂದು ರೈಲು, ಒಂದು ಮನೆ ಆಗಿದೆ. ರೈಲು ಸುಹಾಸರದು, ಮನೆ ಇಂಚರಳದು ಎಂದು ಎಲ್ಲರಿಗೂ ಗೊತ್ತು. ಉಳಿದದ್ದು ವಿದ್ಯಾಳದು, ಅವಳು ಮೊದಲಿನಿಂದ ಹ್ಞೂಂ ಎಂದವಳೇ. ತಾನು ಸೋತೆ ಎಂದು ಗೊತ್ತಿದ್ದೇ ನನ್ನ ಮೊಮ್ಮಗಳು ನನ್ನ ಓಟನ್ನು ಪಕ್ಕಕ್ಕಿಟ್ಟಿದ್ದಳು. ಆಕಾಶ, ಸಮುದ್ರ, ರೈಲು ಎಲ್ಲಾ ನೋಡಿ ಬೆರಗಾಗಿದ್ದೆನಲ್ಲ, ಅವೆಲ್ಲ ಆ ಒಂದು ಗಳಿಗೆಯ ಮುಂದೆ ಸಣ್ಣವಾದವು.

ಅವಳು ಮೂಗು ಒರೆಸಿಕೊಂಡು ಕೊನೆಯ ಚೀಟಿ ಬಿಡಿಸಿದಳು.

ಮನೆ.

ಸುಹಾಸ್ ಹೆಂಡತಿಯ ಕಡೆ ತಿರುಗಿದರು. "ನೀನಾ?"

ವಿದ್ಯಾ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನನ್ನ ಕೆಲಸ ಮನೆಯಿಂದ ಆಗಲ್ಲ ಸುಹಾಸ್. ಉಪಗ್ರಹಾನ ಮನೆಗೆ ತಂದು ಅಲ್ಲಾಡಿಸೋಕಾಗತ್ತಾ?"

"ಮತ್ತೆ ಹ್ಞೂಂ ಅಂದೆ?"

"ನೀನು ಕೇಳಲೇ ಇಲ್ಲ. ಹೋಗೋಣ ಅಂತ ನೀನೇ ಹೇಳಿದೆ. ನಿಂಗೆ ಅಷ್ಟು ಖುಷಿಯಾಗಿತ್ತು. ಹ್ಞೂಂ ಅಂದೆ."

ಇಂಚರ ಅಪ್ಪನ ತೋಳು ಮುಟ್ಟಿದಳು. "ಅಪ್ಪ, ಇದು ಬೈಂಡಿಂಗ್ ಅಲ್ಲ. ನೀವು ಹೋಗೋಣ ಅಂದ್ರೆ ಹೋಗೋಣ."

ಅವರು ಅವಳ ತಲೆ ಸವರಿ, ಕೋಟು ಹಾಕಿಕೊಂಡು, "ಬಾ ವಿದ್ಯಾ" ಎಂದು ಹೆಂಡತಿಯನ್ನು ಕರೆದುಕೊಂಡು ಸಮುದ್ರದ ಕಡೆ ಹೋದರು. ರೋಸಾಳಿಗೆ ಇಂಚರ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವಳು ಇಂಚರಳನ್ನು ಎಳೆದು ಮಡಿಲಿಗೆ ಕೂರಿಸಿಕೊಂಡಳು.

ಮುಂದಿನ ಸೋಮವಾರ

ಸುಹಾಸ್ ಹೊಸ ಕೆಲಸ ಬಿಡಲಿಲ್ಲ, ಹೊಸ ಮನೆ ಬಿಟ್ಟರು. ಬಾಡಿಗೆ ಮನೆಯವರಿಗೆ ಬೇಡವೆಂದು ಹೇಳಿ, ಹೊಸ ಆಫೀಸಿನವರಿಗೆ ಫೋನು ಮಾಡಿ, ವಾರದಲ್ಲಿ ಮೂರು ದಿನ ಅಲ್ಲಿ, ಮಿಕ್ಕದ್ದು ಇಲ್ಲಿಂದ ಎಂದು ಒಪ್ಪಿಸಿಕೊಂಡರು. ಅವರಿಗೆ ಬೇಸರ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಊಟದಲ್ಲಿ ಮಾತು ಕಡಿಮೆ ಇತ್ತು. ಮೂರನೆಯ ದಿನ ನಾನು ಮೆಣಸಿನಕಾಯಿ ಬೋಂಡಾ ಮಾಡಿದೆ, ಖಾರಕ್ಕೆ ಕಣ್ಣಲ್ಲಿ ನೀರು ಬಂದು, ಆ ನೀರಿನಲ್ಲೇ ನಗುವೂ ಬಂತು.

ಹೊಸ ಕೆಲಸ ಶುರುವಾಗುವ ಮುಂಚೆ ಒಂದು ಸಲ ಆಫೀಸು ನೋಡಿ ಬರಲು ಸೋಮವಾರ ಬೆಳಿಗ್ಗೆ ಐಂಡ್‌ಹೋವನ್‌ಗೆ ಹೋದರು. ಮಧ್ಯಾಹ್ನ ಫೋನು ಬಂತು. ವಿದ್ಯಾ ಅವತ್ತು ರಜೆ ಹಾಕಿ ಮನೆಯಲ್ಲೇ ಇದ್ದಳು. ನಾನು ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆ, ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ವಿದ್ಯಾ, ರಾತ್ರಿ ಉಳ್ಕೊಳ್ಳೋಕೆ ಇಲ್ಲೊಂದು ರೂಮು ನೋಡ್ದೆ. ವಾರಕ್ಕೆ ಎರಡು ರಾತ್ರಿ ಅಷ್ಟೇ. ಇಲ್ಲಾಂದ್ರೆ ದಿನಾ ಓಡಾಡ್ಲಾ? ನೀನು ಏನಂತೀಯ?"

ನನ್ನ ಕೈ ನಿಂತಿತು. ಚಿಕ್ಕಂದಿನಿಂದ ಈ ಹುಡುಗಿಯ ಉತ್ತರ ನನಗೆ ಗೊತ್ತು. ಈ ಬಣ್ಣದ ಲಂಗ ಸಾಕೇನೇ ಅಂದರೂ, ಈ ಗಂಡು ಆದೀತೇನೇ ಅಂದರೂ ಒಂದೇ ಉತ್ತರ, ಹ್ಞೂಂ. ಅದು ಬಾಯಿಯ ತುದಿಗೆ ಬಂದಿದ್ದನ್ನೂ ನಾನು ಕಂಡೆ.

ಅವಳು ಅದನ್ನು ನುಂಗಿಕೊಂಡಳು. ಕಿಟಕಿಯ ಆಚೆ ಸೈಕಲ್ಲುಗಳು ಹೋಗುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಸಂಜೆವರೆಗೂ ಟೈಮ್ ಕೊಡು," ಎಂದಳು. "ಯೋಚನೆ ಮಾಡಿ ಹೇಳ್ತೀನಿ."

"ಸರಿ. ಕಾಯ್ತೀನಿ" ಎಂದರು ಅಳಿಯಂದಿರು.

ಫೋನಿಟ್ಟು ವಿದ್ಯಾ ನನ್ನ ಎದುರು ಬಂದು ಕೂತಳು, ಒಂದು ಹಿಡಿ ಹುರುಳಿಕಾಯಿ ತನ್ನ ಕಡೆ ಎಳೆದುಕೊಂಡಳು. "ಏನವ್ವ, ಯಾಕೆ ಹಂಗೆ ನೋಡ್ತೀಯ?" ಎಂದಳು. ಯೋಚನೆ ಮಾಡುವವಳಿಗೆ ಅಡ್ಡಿ ಬರಬಾರದೆಂದು ಸದ್ದಿಲ್ಲದೆ ನಾರು ತೆಗೆಯುತ್ತಾ ಕೂತೆ.